ನೊರೆಯ ಮೇಲೆ ಕೂರಕ್ಕಾಗತ್ತಾ? ಫೋಮ್ ಅನ್ನುವ ಪದದ ಕಥೆ

ನಮ್ಮ ಮನೆಯ ಹಳೇ ಸೋಫಾ ಕುಸಿದು ಹೋಗಿತ್ತು. ಕೂತರೆ ಏಳಲು ಇನ್ನೊಬ್ಬರ ಕೈ ಬೇಕು ಅನ್ನುವ ಸ್ಥಿತಿ. ಕುಶನ್ ಕೆಲಸದವರು ಮನೆಗೇ ಬಂದರು. ಹಜಾರದಲ್ಲಿ ಪೇಪರ್ ಹಾಸಿ, ಹೊಲಿಗೆ ಬಿಚ್ಚಿದರು. ಒಳಗಿದ್ದದ್ದು ಒಂದು ಕಾಲಕ್ಕೆ ಬೆಳ್ಳಗೆ ಇದ್ದಿರಬೇಕು. ಈಗ ಹಳದಿ ತಿರುಗಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಹಳೇ ರಸ್ಕಿನ ಹಾಗೆ ಪುಡಿಯಾಗಿ ಉದುರುತ್ತಿತ್ತು. ಅವರು ಕೈ ಕೊಡವಿಕೊಂಡು ಕೇಳಿದರು: "ಫೋಮ್ ಪೂರ್ತಿ ಹೋಗಿದೆ ಸಾರ್. 32 ಡೆನ್ಸಿಟಿ ಹಾಕ್ಲಾ, 40 ಹಾಕ್ಲಾ?"

ಪಕ್ಕದಲ್ಲಿ ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಳು. "ಫೋಮ್ ಅಂದ್ರೆ ಏನೋ?" ಅಂದಳು.

"ನೊರೆ ಅಂತ ಅಮ್ಮ."

"ನೊರೆನಾ? ನೊರೆ ಮೇಲೆ ಕೂರಕ್ಕಾಗತ್ತೇನೋ?"

ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಪದಗಳ ಬೆನ್ನು ಹತ್ತುವುದು ನನಗೆ ಮೊದಲಿನಿಂದ ಇರುವ ಚಟ. ಆದರೂ ಫೋಮ್ ಅನ್ನುವ ಪದವನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ. ಅಮ್ಮನ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ನೊರೆ ಹೇಗೆ ಗಟ್ಟಿಯಾಯಿತು ಅನ್ನುವುದು ಒಂದು. ಈ ಪದ ಎಲ್ಲಿಂದ ಬಂತು ಅನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಹುಡುಕುತ್ತಾ ಹೋದರೆ ದಾರಿ ಕೊನೆಗೆ ನಮ್ಮ ಅಡುಗೆಮನೆಗೆ, ಗ್ರಂಧಿಗೆ ಅಂಗಡಿಗೆ ಬಂದು ಸೇರುತ್ತದೆ.

ಮೊದಲು ವಸ್ತುವನ್ನೇ ನೋಡೋಣ. ನೊರೆ ಅಂದರೆ ತೆಳುವಾದ ದ್ರವದ ಪೊರೆಯೊಳಗೆ ಸಿಕ್ಕಿಬಿದ್ದ ಗಾಳಿ. ಬರೀ ನೀರನ್ನು ಎಷ್ಟು ಕಲಕಿದರೂ ನೊರೆ ನಿಲ್ಲುವುದಿಲ್ಲ. ಗುಳ್ಳೆ ಎದ್ದ ಕೂಡಲೇ ಒಡೆಯುತ್ತದೆ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಎಳೆದುಕೊಂಡಿರುವುದರಿಂದ ಪೊರೆ ತೆಳ್ಳಗಾಗಿ ಉಳಿಯಲಾರದು. ಆ ಬಿಗಿಯನ್ನು ಸಡಿಲಿಸುವ ಏನಾದರೂ ಒಂದು ಬೇಕು. ಸೋಪಿನ ಕಣ ಇದನ್ನೇ ಮಾಡುತ್ತದೆ. ಅದರ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ನೀರು ಆಗದು. ಹಾಗಾಗಿ ಅದು ನೀರಿನ ಅಂಚಿನಲ್ಲಿ ಸಾಲಾಗಿ ನಿಂತು ಪೊರೆಯನ್ನು ಕಾಯುತ್ತದೆ. ಹಾಲಿನಲ್ಲಿ ಇದೇ ಕೆಲಸವನ್ನು ಪ್ರೋಟೀನು ಮಾಡುತ್ತದೆ. ಲೋಟದಿಂದ ಬಟ್ಟಲಿಗೆ ಕಾಫಿಯನ್ನು ಎತ್ತಿ ಎತ್ತಿ ಹೊಯ್ದಾಗ ಬರುವ ನೊರೆ ಹಾಲಿನ ಪ್ರೋಟೀನಿನ ಕೃಪೆ.

ಆ ಕಾಫಿ ಲೋಟವನ್ನೇ ಒಂದು ಸಲ ಕಣ್ಣಿನ ಹತ್ತಿರ ಹಿಡಿದು ನೋಡಿ. ದೊಡ್ಡ ಗುಳ್ಳೆಗಳು ಒಂದಕ್ಕೊಂದು ಒತ್ತಿಕೊಂಡ ಕಡೆ ಯಾವಾಗಲೂ ಮೂರು ಪೊರೆ ಸೇರಿರುತ್ತವೆ. ನಾಲ್ಕು ಸೇರಿ ನಿಲ್ಲುವುದಿಲ್ಲ. ಮೂರೂ ಪೊರೆಗಳ ನಡುವಿನ ಕೋನ 120 ಡಿಗ್ರಿ. ಈ ನಿಯಮವನ್ನು ಬರೆದಿಟ್ಟವನು ಬೆಲ್ಜಿಯಂನ ಜೋಸೆಫ್ ಪ್ಲಾಟೋ. ಅವನ ಪುಸ್ತಕ ಬಂದದ್ದು 1873ರಲ್ಲಿ. ಅಷ್ಟು ಹೊತ್ತಿಗೆ ಅವನು ಕಣ್ಣು ಕಳೆದುಕೊಂಡು ಮೂವತ್ತು ವರ್ಷ ಆಗಿತ್ತು. ಸೋಪಿನ ಪೊರೆಗಳನ್ನು ಮನೆಯವರು, ಜೊತೆಗಾರರು ನೋಡಿ ಹೇಳುತ್ತಿದ್ದರು, ಅವನು ಲೆಕ್ಕ ಕಟ್ಟುತ್ತಿದ್ದ. ನೊರೆಯನ್ನು ಲೋಕಕ್ಕೆ ಸರಿಯಾಗಿ ತೋರಿಸಿಕೊಟ್ಟವನು ಅದನ್ನು ಕಾಣಲಾರದವನು ಅನ್ನುವುದು ನನ್ನ ಮನಸ್ಸಿಂದ ಹೋಗುವುದೇ ಇಲ್ಲ.

ಇನ್ನು ನೊರೆ ಗಟ್ಟಿಯಾಗುವುದು ಹೇಗೆ? ಗುಳ್ಳೆ ಒಡೆಯುವ ಮೊದಲು ಪೊರೆ ಗಟ್ಟಿಯಾದರೆ ಆಯಿತು. ಇದನ್ನು ನಾವು ಬೆಳಗ್ಗೆ ಬೆಳಗ್ಗೆ ಮಾಡುತ್ತಲೇ ಇದ್ದೇವೆ. ಇಡ್ಲಿ ಹಿಟ್ಟು ರಾತ್ರಿ ಉಬ್ಬುತ್ತದೆ, ಅಲ್ವಾ? ಹುಳಿ ಬರುವಾಗ ಹುಟ್ಟುವ ಕಾರ್ಬನ್ ಡೈಆಕ್ಸೈಡ್ ಹಿಟ್ಟಿನಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಉದ್ದಿನ ಬೇಳೆ. ಉದ್ದಿನಲ್ಲಿರುವ ಒಂದು ಬಗೆಯ ಪ್ರೋಟೀನು ಮತ್ತು ಅದರ ಲೋಳೆ ಎರಡೂ ಸೇರಿ ಗುಳ್ಳೆಯನ್ನು ಕಾಯುತ್ತವೆ ಎಂದು ತೋರಿಸಿದವರು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು, 1970ರ ದಶಕದಲ್ಲಿ. ಹಿಟ್ಟನ್ನು ಹಬೆಯಲ್ಲಿಟ್ಟರೆ ಪೊರೆ ಬೆಂದು ಗಟ್ಟಿಯಾಗುತ್ತದೆ. ಗುಳ್ಳೆ ಹಾಗೇ ಉಳಿಯುತ್ತದೆ. ಅಂದರೆ ಇಡ್ಲಿ ಗಟ್ಟಿಯಾದ ನೊರೆ. ವಿಜ್ಞಾನದ ಲೆಕ್ಕದಲ್ಲಿ ಅದೂ ಒಂದು ಫೋಮ್.

ಸೋಫಾದ ಫೋಮ್ ಹುಟ್ಟುವುದೂ ಹೆಚ್ಚು ಕಡಿಮೆ ಹೀಗೆಯೇ. ಎರಡು ರಾಸಾಯನಿಕ ದ್ರವಗಳನ್ನು ಸ್ವಲ್ಪ ನೀರಿನ ಜೊತೆ ಬೆರೆಸುತ್ತಾರೆ. ಕಾರ್ಬನ್ ಡೈಆಕ್ಸೈಡ್ ಹುಟ್ಟಿ ಮಿಶ್ರಣ ಉಬ್ಬುತ್ತದೆ. ಉಬ್ಬುತ್ತಲೇ ಗಟ್ಟಿಯಾಗುತ್ತದೆ. ಇಡ್ಲಿಯನ್ನು ಉಬ್ಬಿಸುವ ಗಾಳಿ, ಸೋಫಾವನ್ನು ಉಬ್ಬಿಸುವ ಗಾಳಿ ಎರಡೂ ಒಂದೇ! ಒಂದೇ ಒಂದು ವ್ಯತ್ಯಾಸ ಇದೆ. ಕುಶನ್ ಫೋಮಿನಲ್ಲಿ ಗುಳ್ಳೆಗಳ ನಡುವಿನ ಪೊರೆ ಕೊನೆಗೆ ಒಡೆದು ಹೋಗಿ, ಪೊರೆಗಳು ಸೇರುವ ಅಂಚುಗಳು ಮಾತ್ರ ಸಣ್ಣ ಕಡ್ಡಿಗಳ ಹಾಗೆ ಉಳಿಯುತ್ತವೆ. ಹಾಗಾಗಿ ಒತ್ತಿದರೆ ಗಾಳಿ ಹೊರಗೆ ಹೋಗುತ್ತದೆ, ಬಿಟ್ಟರೆ ಮತ್ತೆ ಒಳಗೆ ಬರುತ್ತದೆ. 32 ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮಿಗೆ 32 ಕೆಜಿ ತೂಕ. ಅಷ್ಟೇ ಜಾಗದ ನೀರು 1000 ಕೆಜಿ ತೂಗುತ್ತದೆ. ಲೆಕ್ಕ ಹಾಕಿದರೆ ಆ ಕುಶನ್ನಿನಲ್ಲಿ ನೂರಕ್ಕೆ 97 ಪಾಲು ಗಾಳಿಯೇ. ನಾವು ನಿಜವಾಗಿಯೂ ನೊರೆಯ ಮೇಲೆ ಕೂರುತ್ತಿದ್ದೇವೆ.

ಈ ರಾಸಾಯನಿಕಕ್ಕೆ ಪಾಲಿಯುರೆಥೇನ್ ಅನ್ನುತ್ತಾರೆ. 1937ರಲ್ಲಿ ಜರ್ಮನಿಯ ಓಟೋ ಬೇಯರ್ ಮತ್ತು ಜೊತೆಯವರು ಇದನ್ನು ಕಂಡುಹಿಡಿದರು. ಅದಕ್ಕಿಂತ ಮೊದಲೇ, 1929ರಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯ ಪ್ರಯೋಗಾಲಯದಲ್ಲಿ ರಬ್ಬರ್ ಹಾಲನ್ನು ಕಡೆದು ನೊರೆ ಬರಿಸಿ, ಅದನ್ನು ಗಟ್ಟಿ ಮಾಡಿದ್ದರು. ಕಡೆದು ಅಂದಾಗ ನನಗೆ ಮಜ್ಜಿಗೆ ಕಡೆಯುವುದೇ ಕಣ್ಣಮುಂದೆ ಬರುತ್ತದೆ, ಕೆಲಸವೂ ಹೆಚ್ಚು ಕಡಿಮೆ ಅದೇ. ಕಣ್ಣಮುಂದೆ ನೊರೆಯಾಗಿದ್ದದ್ದು ಕಣ್ಣಮುಂದೆಯೇ ಗಟ್ಟಿಯಾಯಿತು. ಅದಕ್ಕೆ ನೊರೆ ಅನ್ನದೆ ಬೇರೆ ಏನು ಹೆಸರಿಟ್ಟಾರು? ಅಲ್ಲಿಯವರೆಗೆ ಕಡಲಿನ ಅಲೆ, ಬೀರಿನ ಲೋಟ, ನಾಯಿಯ ಬಾಯಿ ಇಲ್ಲಿಗೆಲ್ಲ ಸೇರಿದ್ದ ಫೋಮ್ ಅನ್ನುವ ಪದ ಹಾಸಿಗೆ ಅಂಗಡಿಗೆ ಬಂತು. ಬೂರುಗದ ಹತ್ತಿಯ ಹಾಸಿಗೆಗಳು ಹಿಂದೆ ಸರಿದಾಗ ನಮ್ಮೂರುಗಳಿಗೂ ಬಂತು. ಹಾಗೆ ಬಂದದ್ದರಿಂದಲೇ ಕನ್ನಡದಲ್ಲಿ ಅದಕ್ಕೆ ಗಟ್ಟಿ ಅರ್ಥವೇ ಮೊದಲು ಅಂಟಿಕೊಂಡಿತು. ಸೋಫಾದಲ್ಲಿರುವುದು ಫೋಮ್, ಕಾಫಿಯ ಮೇಲಿರುವುದು ನೊರೆ. ಇಂಗ್ಲಿಷಿನಲ್ಲಿ ಒಂದೇ ಆಗಿರುವುದು ನಮ್ಮಲ್ಲಿ ಎರಡಾಗಿದೆ.

ಈಗ ಪದದ ಕಡೆ ಬರೋಣ. ನನಗೆ ಜಾಸ್ತಿ ಖುಷಿ ಕೊಟ್ಟದ್ದು ಈ ಭಾಗ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದ 'ಫಾಮ್' ಎಂದಿತ್ತು. ಅರ್ಥ ನೊರೆ. ಬಾಯಿಯ ಜೊಲ್ಲಿಗೂ ಇದೇ ಪದ. ಪದ್ಯದಲ್ಲಿ ಕಡಲಿಗೇ ಈ ಹೆಸರು. ಆ ಕಾಲದ ದೊಡ್ಡ ಕಾವ್ಯ ಬೇಯೊವುಲ್ಫ್‌ನಲ್ಲಿ ನಾಯಕ ಹಡಗೇರಿ ಹೊರಡುವ ಒಂದು ಸಾಲಿದೆ. ಹಡಗನ್ನು ಕವಿ ಹಕ್ಕಿಗೆ ಹೋಲಿಸುತ್ತಾನೆ. ಅದಕ್ಕೆ ಅವನು ಕೊಡುವ ವಿಶೇಷಣ 'ಫಾಮಿಹೆಯಲ್ಸ್'. ಫಾಮ್ ಅಂದರೆ ನೊರೆ, ಹೆಯಲ್ಸ್ ಅಂದರೆ ಕೊರಳು. ಕನ್ನಡದಲ್ಲಿ ಹೇಳುವುದಾದರೆ ನೊರೆಗೊರಳಿನ ಹಡಗು. ಮುಂದಕ್ಕೆ ಚಾಚಿದ ಹಡಗಿನ ಮೂತಿ, ಅದರ ಸುತ್ತ ಚಿಮ್ಮುವ ಬಿಳಿ ನೊರೆ, ಕತ್ತು ನೀಡಿದ ಹಂಸದ ಹಾಗೆ ಕಾಣುತ್ತದೆ. ನಮ್ಮ ಸಮಾಸಗಳ ಹಾಗೇ ಎರಡು ಪದ ಕೂಡಿಸಿ ಒಂದು ಚಿತ್ರ ಕಟ್ಟಿದ್ದಾನೆ ಆ ಹೆಸರಿಲ್ಲದ ಕವಿ.

ಫಾಮ್ ಹೇಗೆ ಫೋಮ್ ಆಯಿತು? ಇಂಗ್ಲಿಷಿನ ಹಳೆಯ ದೀರ್ಘ ಆ ಸ್ವರ ನಿಧಾನವಾಗಿ ಓ ಕಡೆಗೆ ತಿರುಗಿತು. ಒಂದು ಪದದಲ್ಲಿ ಮಾತ್ರ ಆದದ್ದಲ್ಲ, ಸಾಲುಸಾಲಾಗಿ ಆಯಿತು. ಸ್ಟಾನ್ ಇದ್ದದ್ದು ಸ್ಟೋನ್ ಆಯಿತು. ಹಾಮ್ ಇದ್ದದ್ದು ಹೋಮ್ ಆಯಿತು. ಬಾಟ್ ಇದ್ದದ್ದು ಬೋಟ್ ಆಯಿತು. ಭಾಷೆಯಲ್ಲಿ ಶಬ್ದ ಬದಲಾದರೆ ಹೀಗೆ ಗುಂಪಾಗಿಯೇ ಬದಲಾಗುತ್ತದೆ. ನಮ್ಮಲ್ಲಿ ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಅದೇ ರೀತಿ.

ಇನ್ನೂ ಹಿಂದೆ ಹೋದರೆ ಎರಡನೆಯ ಬದಲಾವಣೆ ಸಿಗುತ್ತದೆ. ಇಂಗ್ಲಿಷ್, ಜರ್ಮನ್ ಮುಂತಾದ ಭಾಷೆಗಳ ಪದದ ಮೊದಲಲ್ಲಿ ಇರುವ ಫ ಎಷ್ಟೋ ಕಡೆ ಒಂದು ಕಾಲಕ್ಕೆ ಪ ಆಗಿತ್ತು. ಇದನ್ನು ನಿಯಮವಾಗಿ 1822ರಲ್ಲಿ ವಿವರಿಸಿದವನು ಯಾಕೋಬ್ ಗ್ರಿಮ್. ತಮ್ಮನ ಜೊತೆ ಸೇರಿ ಜರ್ಮನಿಯ ಜನಪದ ಕಥೆಗಳನ್ನು ಕೂಡಿಹಾಕಿದ ಗ್ರಿಮ್ ಇವನೇ. ಈ ನಿಯಮವನ್ನು ನಮಗೆ ಗೊತ್ತಿರುವ ಪದಗಳಲ್ಲೇ ನೋಡಬಹುದು. ಸಂಸ್ಕೃತದ ಪಿತೃ ಇರುವ ಕಡೆ ಇಂಗ್ಲಿಷಿನಲ್ಲಿ ಫಾದರ್. ಪಾದ ಇರುವ ಕಡೆ ಫುಟ್. ಪಂಚ ಇರುವ ಕಡೆ ಫೈವ್. ಪಶು ಇರುವ ಕಡೆ ಫೀ. ಹೌದು, ಸ್ಕೂಲಿಗೆ ಕಟ್ಟುವ ಫೀ. ದನವೇ ಹಣವಾಗಿದ್ದ ಕಾಲದ ಪದ ಅದು.

ಹಾಗಾದರೆ ಫಾಮ್‌ನ ಹಿಂದೆಯೂ ಒಂದು ಪ ಇರಬೇಕು. ಇದೆ. ಲ್ಯಾಟಿನ್ನಿನಲ್ಲಿ ನೊರೆಗೆ ಸ್ಪೂಮ. ರಷ್ಯನ್ನಿನಲ್ಲಿ ಇವತ್ತಿಗೂ ಪೇನ. ಸಂಸ್ಕೃತದಲ್ಲಿ ಫೇನ. ಎಲ್ಲವೂ ಒಂದೇ ತಾಯಿಬೇರಿನ ಕೊಂಬೆಗಳು. ಕುಶನ್ ಕೆಲಸದವರ ಬಾಯಲ್ಲಿ ಬಂದ ಫೋಮ್, ನಮ್ಮ ಹಳೆಯ ಕವಿಗಳು ಸಂಸ್ಕೃತದಿಂದ ತಂದ ಫೇನ ಎರಡೂ ಒಂದೇ ಪದ. ಸಾವಿರಾರು ವರ್ಷ ಬೇರೆ ಬೇರೆ ದಾರಿಯಲ್ಲಿ ನಡೆದು ಬಂದಿವೆ, ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಫೋಮ್, ಫೇನ ಎರಡನ್ನೂ ನಾವು ಒಂದೇ ಫ ಅಕ್ಷರದಲ್ಲಿ ಬರೆಯುತ್ತೇವೆ. ಅದನ್ನು ನೋಡಿ 'ಓ, ಅದಕ್ಕೇ ಒಂದೇ ಪದ' ಅನ್ನಿಸಬಹುದು. ಆದರೆ ಶಬ್ದಗಳು ಬೇರೆ. ಫೇನದ ಫ ಅಂದರೆ ಉಸಿರು ಸೇರಿದ ಪ. ತುಟಿಗಳೆರಡೂ ಮುಚ್ಚಿ ತೆರೆಯಬೇಕು. ಫೋಮಿನ ಫ ಕೆಳತುಟಿಯನ್ನು ಹಲ್ಲಿಗೆ ತಾಗಿಸಿ ಊದುವ ಶಬ್ದ. ನಮ್ಮ ಲಿಪಿ ಎರಡಕ್ಕೂ ಒಂದೇ ಅಕ್ಷರ ಕೊಟ್ಟಿರುವುದು ಆಕಸ್ಮಿಕ. ನೆಂಟಸ್ತನಕ್ಕೆ ಸಾಕ್ಷಿ ಅಕ್ಷರದಲ್ಲಿ ಸಿಗುವುದಿಲ್ಲ, ನಡುವಿನ ಸ್ವರದಲ್ಲಿ ಸಿಗುತ್ತದೆ. ಎರಡರ ಹಳೆಯ ರೂಪದಲ್ಲೂ ಐ ಸ್ವರ ಇತ್ತು. ಸಂಸ್ಕೃತದಲ್ಲಿ ಆ ಐ ಏ ಆಯಿತು. ಇಂಗ್ಲಿಷಿನಲ್ಲಿ ಅದು ಆ ಆಗಿ, ಆಮೇಲೆ ಓ ಆಯಿತು. ಇಂಥ ಬದಲಾವಣೆ ಬೇರೆ ಪದಗಳಲ್ಲೂ ಹೀಗೇ ಆಗಿರುವುದರಿಂದಲೇ ಭಾಷಾವಿಜ್ಞಾನಿಗಳು ಧೈರ್ಯವಾಗಿ ನೆಂಟಸ್ತನ ಹೇಳುತ್ತಾರೆ.

ಈ ಕುಟುಂಬದ ಇನ್ನೂ ಕೆಲವರು ನಮಗೆ ಗೊತ್ತಿರುವವರೇ. ಹಿಮ್ಮಡಿ ಉಜ್ಜಲು ತರುವ ತೂತು ತೂತಿನ ಪ್ಯೂಮಿಸ್ ಕಲ್ಲು ಇದೆಯಲ್ಲ, ಅದರ ಹೆಸರು ಲ್ಯಾಟಿನ್ನಿನ ಪೂಮೆಕ್ಸ್‌ನಿಂದ ಬಂತು. ಅರ್ಥ ನೊರೆಗಲ್ಲು. ಜ್ವಾಲಾಮುಖಿಯ ಕರಗಿದ ಕಲ್ಲು ಗಾಳಿ ತುಂಬಿ ನೊರೆಯಾಗಿ, ಹಾಗೇ ಆರಿದಾಗ ಆಗುವ ಕಲ್ಲು ಅದು. ಹೆಸರಿಟ್ಟ ರೋಮನ್ನರು ಸರಿಯಾಗಿಯೇ ಗುರುತಿಸಿದ್ದರು. ಅದು ನೀರಿನಲ್ಲಿ ತೇಲುತ್ತದೆ. 1883ರಲ್ಲಿ ಇಂಡೋನೇಷ್ಯಾದ ಕ್ರಕಟೋವ ಸಿಡಿದಾಗ ಚಿಮ್ಮಿದ ಪ್ಯೂಮಿಸ್ ಹಿಂದೂ ಮಹಾಸಾಗರವನ್ನು ದಾಟಿ ಆಫ್ರಿಕಾದ ದಡ ಮುಟ್ಟಿತು. ಜರ್ಮನ್ನಿನಲ್ಲಿ ಈ ಪದದ ಹಳೆಯ ರೂಪ ಫೈಮ್ ಈಗ ಬಳಕೆಯಲ್ಲಿಲ್ಲ. ಆದರೆ ಅದರ ಮಗು 'ಅಬ್‌ಗೆಫೈಮ್ಟ್' ಉಳಿದಿದೆ. ನೊರೆ ತೆಗೆದು ಶುದ್ಧ ಮಾಡಿದ್ದು ಅನ್ನುವುದು ಮೂಲ ಅರ್ಥ, ಪಕ್ಕಾ ಕಿಲಾಡಿ ಅನ್ನುವುದು ಇವತ್ತಿನ ಅರ್ಥ. ನಾವು ಪಳಗಿದ ಕಳ್ಳ ಅನ್ನುತ್ತೇವಲ್ಲ, ಹಾಗೆ.

ಇನ್ನು ಫೇನದ ಮನೆಗೆ ಬರೋಣ. ಋಗ್ವೇದದ ಎಂಟನೆಯ ಮಂಡಲದಲ್ಲಿ ಇಂದ್ರ ನಮುಚಿ ಅನ್ನುವ ಅಸುರನ ತಲೆಯನ್ನು ನೀರಿನ ಫೇನದಿಂದ ತೆಗೆದ ಎಂಬ ಮಾತಿದೆ. ಆಮೇಲಿನ ಗ್ರಂಥಗಳು ಕಥೆಯನ್ನು ಬಿಡಿಸಿ ಹೇಳುತ್ತವೆ. ಹಗಲಲ್ಲೂ ಕೊಲ್ಲುವುದಿಲ್ಲ, ಇರುಳಲ್ಲೂ ಕೊಲ್ಲುವುದಿಲ್ಲ, ಒಣಗಿದ್ದರಿಂದಲೂ ಕೊಲ್ಲುವುದಿಲ್ಲ, ಒದ್ದೆಯಾದದ್ದರಿಂದಲೂ ಕೊಲ್ಲುವುದಿಲ್ಲ ಎಂದು ಇಂದ್ರ ಮಾತು ಕೊಟ್ಟಿದ್ದ. ಕೊನೆಗೆ ನಸುಕಿನ ಹೊತ್ತಲ್ಲಿ ನೊರೆಯಿಂದ ಕೊಂದ. ನೊರೆ ಒದ್ದೆಯೂ ಅಲ್ಲ, ಒಣಗಿದ್ದೂ ಅಲ್ಲ. ಇದು ಎಷ್ಟು ನಿಖರವಾದ ಮಾತು ನೋಡಿ. ನೊರೆ ದ್ರವದಿಂದ ಆದದ್ದು, ಆದರೆ ಶೇವಿಂಗ್ ಫೋಮನ್ನು ಅಂಗೈ ಮೇಲೆ ಗುಡ್ಡೆ ಹಾಕಿದರೆ ಗಟ್ಟಿ ವಸ್ತುವಿನ ಹಾಗೆ ನಿಲ್ಲುತ್ತದೆ, ಹರಿಯುವುದಿಲ್ಲ. ನೊರೆಯನ್ನು ಅಧ್ಯಯನ ಮಾಡುವ ಭೌತವಿಜ್ಞಾನಿಗಳು ಇವತ್ತಿಗೂ ಅದನ್ನು ಒಣ ನೊರೆ, ಹಸಿ ನೊರೆ ಎಂದು ವಿಂಗಡಿಸುತ್ತಾರೆ. ದ್ರವದ ಪಾಲು ತೀರಾ ಕಡಿಮೆ ಇದ್ದರೆ ಒಣ ನೊರೆ, ಹೆಚ್ಚಿದ್ದರೆ ಹಸಿ ನೊರೆ.

ಫೇನಕ್ಕೆ ಮನೆಮಂದಿ ಬಹಳ. ವಾತ್ಸ್ಯಾಯನ ತನ್ನ ಕಾಮಸೂತ್ರದಲ್ಲಿ ಪಟ್ಟಣಿಗನ ದಿನಚರಿ ಹೇಳುವಾಗ ದಿನಾ ಸ್ನಾನ, ಎರಡು ದಿನಕ್ಕೊಮ್ಮೆ ಮೈ ತಿಕ್ಕುವುದು, ಮೂರು ದಿನಕ್ಕೊಮ್ಮೆ ಫೇನಕ ಅನ್ನುತ್ತಾನೆ. ಫೇನಕ ಅಂದರೆ ನೊರೆ ಬರುವ ಸ್ನಾನದ ಸಾಮಗ್ರಿ. ಅಂಟುವಾಳಕ್ಕೆ ಸಂಸ್ಕೃತದಲ್ಲಿ ಫೇನಿಲ ಎಂಬ ಹೆಸರಿದೆ, ನೊರೆಯುಳ್ಳದ್ದು ಅಂತ. ಅಜ್ಜಿಯಂದಿರು ರೇಷ್ಮೆ ಸೀರೆಯನ್ನು, ಚಿನ್ನದ ಸರವನ್ನು ಅಂಟುವಾಳದ ನೀರಲ್ಲಿ ತೊಳೆಯುತ್ತಿದ್ದರಲ್ಲ, ಆ ನೊರೆಗೆ ಕಾರಣ ಕಾಯಿಯ ಸಿಪ್ಪೆಯಲ್ಲಿರುವ ಸಪೋನಿನ್. ಸೀಗೆಕಾಯಿಯಲ್ಲೂ ಅದೇ ಇದೆ. ಗೋವಾದ ಗೇರುಹಣ್ಣಿನ ಮದ್ಯ ಫೆನಿಗೂ ಆ ಹೆಸರು ಕೊಂಕಣಿಯ ಫೇಣ್ ಅಂದರೆ ನೊರೆ ಅನ್ನುವುದರಿಂದ ಬಂತು ಅನ್ನುತ್ತಾರೆ. ಬಾಟಲಿ ಅಲುಗಿಸಿದಾಗ ಏಳುವ ಗುಳ್ಳೆಗಳನ್ನು ನೋಡಿ ಅದರ ಖಾರವನ್ನು ಅಳೆಯುವುದುಂಟು.

ನನಗೆ ತೀರಾ ಹತ್ತಿರದ ನೆಂಟ ಮಾತ್ರ ಮದುವೆ ಊಟದ ಫೇಣಿ. ಪದರ ಪದರವಾಗಿ ಉಬ್ಬಿದ ಆ ತಿಂಡಿಗೆ ಸಂಸ್ಕೃತದಲ್ಲಿ ಫೇನಿಕಾ. ಎಣ್ಣೆಯಲ್ಲಿ ಬಿಟ್ಟ ಕೂಡಲೇ ಪದರಗಳು ಬಿಡಿಸಿಕೊಂಡು ನೊರೆಯ ಹಾಗೆ ಅರಳುತ್ತವೆ. ಮೇಲೆ ಸಕ್ಕರೆ ಪುಡಿ ಉದುರಿಸಿ, ಬಿಸಿ ಬಾದಾಮಿ ಹಾಲು ಹೊಯ್ದರೆ ಒಂದು ಕ್ಷಣ ಸುಂಯ್ ಅಂತ ಶಬ್ದ ಬರುತ್ತದೆ, ಆಮೇಲೆ ಮೆತ್ತಗೆ ಕುಸಿಯುತ್ತದೆ. ಅದು ಕುಸಿಯುವ ಮೊದಲೇ ತಿನ್ನಬೇಕು. ಇಷ್ಟು ವರ್ಷ ತಿಂದಿದ್ದರೂ ಬಾಳೆಲೆಯ ಮೇಲಿನ ಫೇಣಿ, ಹಾಸಿಗೆ ಅಂಗಡಿಯ ಫೋಮ್ ಎರಡೂ ದಾಯಾದಿಗಳು ಎಂದು ನನಗೆ ಹೊಳೆದಿರಲಿಲ್ಲ.

ಗ್ರಂಧಿಗೆ ಅಂಗಡಿಗೆ ಹೋಗಿ ಸಮುದ್ರಫೇನ ಕೇಳಿ. ಹಗುರವಾದ, ಬಿಳಿಯ, ದೋಣಿಯಾಕಾರದ ಒಂದು ವಸ್ತು ಕೊಡುತ್ತಾರೆ. ಕಡಲ ನೊರೆ ಹೆಪ್ಪುಗಟ್ಟಿ ಆದದ್ದು ಎಂದು ಬಹಳ ಜನ ನಂಬಿದ್ದಾರೆ. ನಿಜಕ್ಕೂ ಅದು ಕರಾವಳಿಯವರು ಬೊಂಡಾಸ್ ಅನ್ನುವ ಮೀನಿಗೆ ಹತ್ತಿರದ ಜೀವಿಯ ಒಳಚಿಪ್ಪು. ಗಿಳಿ ಸಾಕುವವರು ಕೊಕ್ಕು ತಿಕ್ಕಿಕೊಳ್ಳಲಿ ಅಂತ ಪಂಜರಕ್ಕೆ ಕಟ್ಟುವುದೂ ಇದನ್ನೇ. ಇದೇ ತಪ್ಪು ದೂರದ ಜರ್ಮನಿಯಲ್ಲೂ ಆಗಿದೆ. ಟರ್ಕಿಯಿಂದ ಬರುವ ಹಗುರವಾದ ಬಿಳಿ ಕಲ್ಲಿನಲ್ಲಿ ಹೊಗೆಸೊಪ್ಪಿನ ಪೈಪು ಕೆತ್ತುತ್ತಾರೆ. ಅದಕ್ಕೆ ಜರ್ಮನ್ನರು ಇಟ್ಟ ಹೆಸರು ಮೇರ್‌ಶೌಮ್. ಅರ್ಥ ಕಡಲ ನೊರೆ! ವಿಜ್ಞಾನಿಗಳು ಅದಕ್ಕೆ ಬೇರೆ ಹೆಸರು ಹುಡುಕಿ ಸೆಪಿಯೊಲೈಟ್ ಅಂದರು. ಆ ಹೆಸರಿನ ಮೂಲ ಗ್ರೀಕಿನ ಸೇಪಿಯೋನ್, ಅಂದರೆ ನಮ್ಮ ಗ್ರಂಧಿಗೆ ಅಂಗಡಿಯ ಆ ಮೀನಿನ ಚಿಪ್ಪೇ. ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ ಒಂದೇ ಚಿತ್ರಕ್ಕೆ ಬಂದು ನಿಂತಿದ್ದಾರೆ.

ಹಾಗಂತ ಫೇನ ಎಂದು ಕೇಳಿದ್ದೆಲ್ಲ ನೆಂಟನಲ್ಲ. ಅಫೀಮಿಗೆ ಸಂಸ್ಕೃತದಲ್ಲಿ ಅಹಿಫೇನ ಅನ್ನುತ್ತಾರೆ. ಬಿಡಿಸಿದರೆ ಹಾವಿನ ನೊರೆ. ಎಷ್ಟು ಚೆನ್ನಾಗಿ ಕೂರುತ್ತದೆ, ಅಲ್ವಾ? ಆದರೆ ಪದ ಬಂದ ದಾರಿ ಬೇರೆ. ಗ್ರೀಕಿನಲ್ಲಿ ಗಸಗಸೆ ಗಿಡದ ಹಾಲಿಗೆ ಓಪಿಯೋನ್ ಎಂಬ ಹೆಸರು. ಅದು ಅರಬ್ಬಿ, ಪಾರ್ಸಿಗೆ ಹೋಗಿ ಅಫ್ಯೂನ್ ಆಯಿತು. ಇಲ್ಲಿಗೆ ಬಂದಾಗ ಕೇಳಿದವರು ತಮಗೆ ಗೊತ್ತಿದ್ದ ಪದಗಳಲ್ಲಿ ಅದನ್ನು ಬಿಡಿಸಿಕೊಂಡರು. ಅಹಿ ಅಂದರೆ ಹಾವು, ಫೇನ ಅಂದರೆ ನೊರೆ, ವಿಷ ಬೇರೆ. ಅರ್ಥವೂ ಹೊಂದಿತು. ಜನ ಹೊರಗಿನ ಪದವನ್ನು ಒಳಗೆ ಕರೆದುಕೊಳ್ಳುವ ರೀತಿ ಇದು. ತಪ್ಪಾದರೂ ಪ್ರೀತಿಯ ತಪ್ಪು.

ನೆಲ ಒರೆಸುವ ಫಿನಾಯಿಲ್ ಕೂಡ ಹಾಗೇ ಮೋಸ ಮಾಡುತ್ತದೆ. ನೀರಿಗೆ ಬಿಟ್ಟರೆ ಬೆಳ್ಳಗಾಗುತ್ತದೆ, ಹೆಸರಲ್ಲೂ ಫೇನದ ಛಾಯೆ. ಆದರೆ ಅದರಲ್ಲಿರುವ 'ಫೀನ್' ಅನ್ನುವ ತುಣುಕು ಗ್ರೀಕಿನ ಹೊಳೆಯುವುದು ಅನ್ನುವ ಪದದಿಂದ ಬಂದದ್ದು. ದೀಪಕ್ಕೆ ಉರಿಸುತ್ತಿದ್ದ ಗ್ಯಾಸಿನಲ್ಲಿ ಬೆಂಜೀನ್ ಎಂಬ ರಾಸಾಯನಿಕ ಸಿಕ್ಕಿತ್ತು ಎಂಬ ಕಾರಣಕ್ಕೆ ಅದಕ್ಕೆ ಫ್ರಾನ್ಸಿನ ಓಗ್ಯುಸ್ತ್ ಲೊರಾಂ ಆ ಹೆಸರಿಟ್ಟ.

ಇಂಗ್ಲಿಷಿನಲ್ಲಿ ನೊರೆಗೆ ಫೋಮ್ ಒಂದೇ ಪದ ಅಲ್ಲ. ಫ್ರಾತ್ ಇದೆ, ಲ್ಯಾದರ್ ಇದೆ, ಸಡ್ಸ್ ಇದೆ. ಫ್ರಾತ್ ಬಂದದ್ದು ಉತ್ತರದ ವೈಕಿಂಗರ ಭಾಷೆಯಿಂದ. ಅದರ ದೂರದ ನೆಂಟ ಸಂಸ್ಕೃತದ ಪ್ರೋಥ, ಕುದುರೆಯ ಮೂಗು. ಕುದುರೆ ಮೂಗಿನಿಂದ ಫುರ್ ಅನ್ನುವಾಗ ಹಾರುವ ನೊರೆ ನೆನಪಿಸಿಕೊಂಡರೆ ಸಂಬಂಧ ತಿಳಿಯುತ್ತದೆ. ಲ್ಯಾದರ್ ಸೋಪಿನ ನೊರೆ. ಅದರ ಬೇರು ತೊಳೆಯುವುದು, ಲಾಂಡ್ರಿ ಮತ್ತು ಲೋಶನ್ ಅದೇ ಬೇರಿನವು.

ನನಗೆ ವಿಚಿತ್ರ ಅನ್ನಿಸುವುದು ಸ್ಕಮ್. ಡಚ್ಚರಲ್ಲಿ ಇವತ್ತಿಗೂ ಅದರ ರೂಪಕ್ಕೆ ನೊರೆ ಎಂದೇ ಅರ್ಥ. ಇಂಗ್ಲಿಷಿಗೆ ಬಂದಾಗಲೂ ನೊರೆಯೇ ಆಗಿತ್ತು. ಆಮೇಲೆ ದ್ರವದ ಮೇಲೆ ಕಟ್ಟುವ ಕೊಳೆಯಾಯಿತು. 16ನೇ ಶತಮಾನದ ಕೊನೆಯ ಹೊತ್ತಿಗೆ ಕೀಳು ಜನ ಅನ್ನುವ ಬೈಗುಳವಾಯಿತು. ಈ ಜಾರುವಿಕೆಯನ್ನು ಮಂಡ್ಯದ ಕಡೆಯ ಯಾವ ಆಲೆಮನೆಯಲ್ಲಾದರೂ ಕಣ್ಣಾರೆ ನೋಡಬಹುದು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಸುಣ್ಣ ಹಾಕುತ್ತಾರೆ, ಕೆಲವರು ಬೆಂಡೆ ಗಿಡದ ಲೋಳೆ ಬಿಡುತ್ತಾರೆ. ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ. ಅದನ್ನು ತೆಗೆದು ತೆಗೆದು ಆಚೆ ಹಾಕುತ್ತಾರೆ. ಹಾಗೆ ಮೇಲಿನದನ್ನು ತೆಗೆಯುವ ಕೆಲಸವೇ ಇಂಗ್ಲಿಷಿನ ಸ್ಕಿಮ್, ಅದು ಸ್ಕಮ್‌ನ ಒಡಹುಟ್ಟು. ಪ್ಯಾಕೆಟ್ ಮೇಲೆ ಸ್ಕಿಮ್ಡ್ ಮಿಲ್ಕ್ ಎಂದು ಓದುತ್ತೇವಲ್ಲ, ಅದೇ. ಬೋರ್‌ವೆಲ್ ನೀರಿನಲ್ಲಿ ಸೋಪು ಎಷ್ಟು ತಿಕ್ಕಿದರೂ ನೊರೆ ಬರದೆ ಬಕೆಟ್ಟಿನ ಅಂಚಿಗೆ ಬೂದು ಬಣ್ಣದ ಜಿಡ್ಡು ಕೂರುತ್ತದೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದುಕೊಂಡು ಆ ಜಿಡ್ಡಾಗುತ್ತವೆ. ಇಂಗ್ಲಿಷಿನಲ್ಲಿ ಅದೂ ಸ್ಕಮ್ಮೇ.

ನಮಗೆ ಇವೆಲ್ಲಕ್ಕೂ ನೊರೆ. ಹಿಂಡಿದ ಕೂಡಲೇ ಕುಡಿಯುವ ನೊರೆಹಾಲು, ಸೋಪಿನ ನೊರೆ, ಮೂರ್ಛೆ ಬಂದವರ ಬಾಯಲ್ಲಿ ಬರುವ ನೊರೆ. ಬುರುಗು ಅಂತಲೂ ಅನ್ನುತ್ತೇವೆ. ತಮಿಳರಿಗೆ ನುರೈ, ಮಲಯಾಳಿಗಳಿಗೆ ನುರ, ತೆಲುಗರಿಗೆ ನುರುಗು. ಇದು ನಮ್ಮ ದ್ರಾವಿಡ ಮನೆಯ ಪದ, ಫೇನಕ್ಕೂ ಫೋಮಿಗೂ ಸಂಬಂಧವಿಲ್ಲ. ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದ್ದೇ ಬೇರೆ ಕುಟುಂಬ ಎಂದು 1816ರಲ್ಲಿ ಮದರಾಸಿನಲ್ಲಿ ಎಲ್ಲಿಸ್ ಎಂಬ ಅಧಿಕಾರಿ ಸಾಧಿಸಿ ತೋರಿಸಿದ್ದು ಇಂಥ ದಿನಬಳಕೆಯ ಪದಗಳನ್ನು ಅಕ್ಕಪಕ್ಕ ಇಟ್ಟೇ.

ಹಾಲು, ಕಾಫಿಯ ಜೊತೆ ಇದ್ದ ಈ ಪದಕ್ಕೆ ಬೆಂಗಳೂರಿನಲ್ಲಿ ಒಂದು ಕಹಿ ಅರ್ಥವೂ ಸೇರಿಕೊಂಡಿತು. ಬೆಳ್ಳಂದೂರು ಕೆರೆ, ವರ್ತೂರು ಕೆರೆ. ಊರಿನ ಕೊಳಚೆ ನೀರು, ಅದರ ಜೊತೆ ನಮ್ಮೆಲ್ಲರ ಬಟ್ಟೆ ಪುಡಿ, ಪಾತ್ರೆ ಸೋಪು ಅಲ್ಲಿಗೆ ಹೋಗಿ ಸೇರುತ್ತದೆ. ಕೋಡಿಯಲ್ಲಿ ನೀರು ಧುಮುಕಿ ಗಾಳಿ ಬೆರೆತಾಗ ನೊರೆ ಆಳೆತ್ತರ ಏಳುತ್ತಿತ್ತು. ರಸ್ತೆಗೆ ಹಾರುತ್ತಿತ್ತು. 2015ರ ಮೇ ತಿಂಗಳಲ್ಲಿ ಆ ನೊರೆಗೆ ಬೆಂಕಿಯೇ ಹತ್ತಿಕೊಂಡಿತು. ಐಐಎಸ್‌ಸಿ ಸಂಶೋಧಕರು ಇದರ ಕಾರಣ ಹುಡುಕಿದ್ದಾರೆ. ಸೋಪಿನ ಅಂಶ ತಳದ ಕೆಸರಿನಲ್ಲಿ ಸೇರಿಕೊಂಡಿರುತ್ತದೆ, ಜೋರು ಮಳೆ ಬಂದಾಗ ಕೆಸರು ಕದಡಿ ಮೇಲೆ ಬರುತ್ತದೆ, ಅದಕ್ಕೇ ಮಳೆಯಾದ ಮೇಲೆ ನೊರೆ ಜಾಸ್ತಿ. ನಾನು ಒಮ್ಮೆ ಸ್ಕೂಟರಿನಲ್ಲಿ ಆ ಸೇತುವೆ ದಾಟುವಾಗ ಒಂದು ಹಿಡಿ ನೊರೆ ಹಾರಿ ಬಂದು ಹೆಲ್ಮೆಟ್ಟಿನ ಗಾಜಿಗೆ ಕೂತಿತು. ದೂರದಿಂದ ಹತ್ತಿಯ ಹಾಗೆ ಚೆಂದ ಕಾಣುತ್ತಿದ್ದದ್ದು, ಹತ್ತಿರ ಬಂದಾಗ ನಾತಕ್ಕೆ ಉಸಿರು ಕಟ್ಟಿತು. ಸ್ಕಮ್ ಅನ್ನುವ ಪದ ನೊರೆಯಿಂದ ಕೊಳೆಗೆ ಹೇಗೆ ಜಾರಿತು ಎಂದು ಆ ದಿನ ಮೂಗಿಗೇ ಗೊತ್ತಾಯಿತು.

ಸೋಫಾಕ್ಕೆ ಕೊನೆಗೆ 40 ಡೆನ್ಸಿಟಿ ಹಾಕಿಸಿದೆವು. ಸಂಜೆ ಅಮ್ಮ ಅದರ ಮೇಲೆ ಕೂತು, ಅಂಗೈಯಲ್ಲಿ ಒತ್ತಿ ಒತ್ತಿ ಬಿಟ್ಟಳು. ಪ್ರತಿ ಸಲವೂ ಗುಳಿ ನಿಧಾನವಾಗಿ ತುಂಬಿಕೊಂಡು ಮೇಲೆ ಬರುತ್ತಿತ್ತು. ನಾನು ಇಡ್ಲಿಯಿಂದ ಶುರುಮಾಡಿ ಫೇಣಿಯವರೆಗೆ ಎಲ್ಲ ಹೇಳಿದೆ. ಇಡ್ಲಿಯ ಮಾತನ್ನು ಕೂಡಲೇ ಒಪ್ಪಿದಳು, ಫೇಣಿಯ ಮಾತಿಗೆ ಸ್ವಲ್ಪ ಹೊತ್ತು ಯೋಚಿಸಿ ತಲೆಯಾಡಿಸಿದಳು. ಆಮೇಲೆ ಒಳಗಿದ್ದ ನನ್ನ ಹೆಂಡತಿಯನ್ನು ಕೂಗಿ ಹೇಳಿದಳು: "ಬಾರೇ, ಕೂತು ನೋಡು. ಸ್ಪಂಜು ಚೆನ್ನಾಗಿ ಹಾಕಿದಾರೆ."